ಮಣೆಯಾಟವೂ ಒಡೆಯನ ಅಪ್ಪಣೆಯೂ

ಆಟ ಆಡುವುದಕ್ಕೆ ಯಾರ ಅಪ್ಪಣೆ ಬೇಕು? ಹೀಗೆಂದು ಕೇಳಿದರೆ ನಮ್ಮಲ್ಲಿ ಅನೇಕರು ನಕ್ಕುಬಿಟ್ಟಾರು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ನಾಲ್ಕು ಕವಡೆ ಕೈಗೆತ್ತಿಕೊಂಡರೆ ಚೌಕಾಬಾರ ಮೊದಲಾಯಿತು. ಗುಳಿಗಳಿಗೆ ಹುಣಿಸೇಬೀಜ ಎಣಿಸಿ ಹಾಕಿದರೆ ಅಳಗುಳಿಮಣೆ ಸಿದ್ಧ. ಅಜ್ಜಿ ಆಡಿದಳು, ಅಮ್ಮ ಆಡಿದಳು, ನಾವೂ ಆಡಿದೆವು. ಯಾರೂ ಯಾರನ್ನೂ ಕೇಳಲಿಲ್ಲ. ಆದರೆ ಆಟವನ್ನು ಆಡುವುದು ಒಂದು; ಇನ್ನೊಬ್ಬರು ವರ್ಷಗಟ್ಟಲೆ ಯೋಚಿಸಿ ಕಟ್ಟಿದ ಆಟವನ್ನು ಕಂಪ್ಯೂಟರಿಗೋ ಮೊಬೈಲ್ ಫೋನಿಗೋ ಇಳಿಸಿ ನಾಡಿಗೆಲ್ಲ ಹಂಚುವುದು ಮತ್ತೊಂದು. ಮೊದಲನೆಯದಕ್ಕೆ ಅಪ್ಪಣೆ ಬೇಡ. ಎರಡನೆಯದಕ್ಕೆ ಬೇಕೆ, ಬೇಡವೆ, ಬೇಕಾದರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂಬುದೇ ಈ ಲೇಖನದ ವಿಷಯ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಇದೆಂಥ ವಿಷಯವೆಂದು ಅಧ್ಯಾಪಕರು ಹುಬ್ಬೇರಿಸಬಹುದು. ಕಾರಣವಿದೆ. ನಮ್ಮ ಸಹಪಾಠಿಗಳಲ್ಲಿ ಐದಾರು ಮಂದಿ ಚರಿತ್ರೆ, ಅರ್ಥಶಾಸ್ತ್ರಗಳ ಪಾಠ ಮುಗಿದ ಮೇಲೆ ಸಂಜೆ ಹೊತ್ತು ತಾವಾಗಿಯೇ ಪ್ರೋಗ್ರಾಂ ಬರೆಯಲು ಕಲಿತಿದ್ದಾರೆ. ಹಾಗೆ ಕಲಿತವರಿಗೆ ಮೊದಲು ಹುಟ್ಟುವ ಹಂಬಲವೆಂದರೆ ಒಂದು ಆಟ ಮಾಡಬೇಕೆಂಬುದು. ಹೊಸ ಆಟ ಹೊಳೆಯುವುದು ಕಷ್ಟ. ಪೇಟೆಯಲ್ಲಿ ಬೋರ್ಡ್ ಗೇಮ್ ಎಂಬ ಹೆಸರಿನಿಂದ ಪೆಟ್ಟಿಗೆಯಲ್ಲಿ ಬರುವ ಮಣೆಯಾಟಗಳು ಕಣ್ಣೆದುರಿಗೇ ಇವೆ. ಅವುಗಳಲ್ಲೊಂದನ್ನು ಎತ್ತಿಕೊಂಡು ಪರದೆಯ ಮೇಲೆ ಇಟ್ಟುಬಿಟ್ಟರೆ ಆಯಿತಲ್ಲ ಎಂದು ತೋರುವುದು ಸಹಜವೇ.

ಈ ವಿಷಯವಾಗಿ ಹಾಸ್ಟೆಲಿನಲ್ಲೂ ಕ್ಯಾಂಟೀನಿನಲ್ಲೂ ನಾನು ಕೇಳಿರುವ ಮಾತುಗಳು ಮುಖ್ಯವಾಗಿ ಮೂರು. ‘ನಾವು ಹಣ ಕೇಳುವುದಿಲ್ಲವಲ್ಲ, ಮತ್ತೇಕೆ ಅಪ್ಪಣೆ?’ ಎಂಬುದು ಒಂದು. ‘ಆಟದ ನಿಯಮಕ್ಕೆ ಒಡೆಯನೇ ಇಲ್ಲವೆಂದು ಕಾನೂನೇ ಹೇಳುತ್ತದೆ’ ಎಂಬುದು ಎರಡನೆಯದು. ‘ಕೇಳಿದರೆ ಕೊಡುವುದಿಲ್ಲ, ಆದುದರಿಂದ ಕೇಳದಿರುವುದೇ ಜಾಣತನ’ ಎಂಬುದು ಮೂರನೆಯದು. ಈ ಮೂರರಲ್ಲಿ ಎರಡನೆಯದರಲ್ಲಿ ಮಾತ್ರ ಸತ್ಯಾಂಶವಿದೆ. ಅದೂ ಅರ್ಧ ಸತ್ಯ. ಯಾವುದು ಒಬ್ಬರ ಸ್ವತ್ತೋ ಅದನ್ನು ಕೇಳಿಯೇ ಪಡೆಯಬೇಕು. ಯಾವುದು ಎಲ್ಲರ ಸ್ವತ್ತೋ ಅದಕ್ಕೆ ಯಾರಿಗೂ ಕೈಯೊಡ್ಡಬೇಕಾಗಿಲ್ಲ. ಇವೆರಡರ ಗಡಿ ಎಲ್ಲಿದೆಯೆಂಬುದನ್ನು ಪ್ರೋಗ್ರಾಮಿನ ಮೊದಲ ಸಾಲು ಬರೆಯುವುದಕ್ಕೆ ಮುಂಚೆಯೇ ತಿಳಿದುಕೊಳ್ಳಬೇಕು. ನಾನು ಹೇಳಬಯಸುವುದು ಇಷ್ಟೆ.

ಮೊದಲು ಆ ಅರ್ಧ ಸತ್ಯವನ್ನು ನೋಡೋಣ. ನಮ್ಮ ದೇಶದ ೧೯೭೦ರ ಪೇಟೆಂಟ್ ಅಧಿನಿಯಮದ ೩ನೆಯ ಕಲಮು ಆಟವಾಡುವ ವಿಧಾನಕ್ಕೆ ಪೇಟೆಂಟ್ ಇಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಕೃತಿಸ್ವಾಮ್ಯವೆಂಬುದು ಬರಿಯ ಕಲ್ಪನೆಗೆ ಸಲ್ಲದು, ಅದನ್ನು ಪ್ರಕಟಿಸಿದ ರೂಪಕ್ಕೆ ಮಾತ್ರ ಸಲ್ಲುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆರ್. ಜಿ. ಆನಂದ್ ಅವರ ನಾಟಕದ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಅಮೆರಿಕದಲ್ಲೂ ನ್ಯಾಯ ಇದೇ ಜಾಡಿನದು. ‘ಬ್ಯಾಂಗ್’ ಎಂಬ ಇಟಲಿಯ ಇಸ್ಪೀಟಾಟದ ನಡೆಗಳನ್ನು ಚೀನಾ ದೇಶದ ‘ಮೂರು ರಾಜ್ಯಗಳ ಕಥೆ’ಯ ಆಟವೊಂದು ಬಳಸಿಕೊಂಡಿತೆಂದು ದಾವೆ ಹೂಡಿದಾಗ, ಟೆಕ್ಸಾಸಿನ ಫೆಡರಲ್ ನ್ಯಾಯಾಲಯವು ೨೦೧೬ರಲ್ಲಿ, ಆಟದ ನಿಯಮಗಳಿಗೆ ಕೃತಿಸ್ವಾಮ್ಯದ ರಕ್ಷೆಯಿಲ್ಲವೆಂದು ಇಟಲಿಯವರ ವಾದವನ್ನು ತಳ್ಳಿಹಾಕಿತು.

ಹಾಗಾದರೆ ಒಡೆಯನಿಗೆ ಉಳಿಯಿತೇನು? ಬಹಳವೇ ಉಳಿಯಿತು. ಪೆಟ್ಟಿಗೆಯನ್ನು ಬಿಚ್ಚಿ ನೋಡಿ. ನಿಯಮದ ಪುಸ್ತಿಕೆಯಿದೆ, ಅದರ ವಾಕ್ಯಗಳು ಬರೆದವನವು. ಮಣೆಯ ಮೇಲಿನ ಚಿತ್ರ, ಚೀಟಿಗಳ ಮೇಲಿನ ಚಿತ್ರ, ಇವು ಚಿತ್ರಕಾರನವು. ಮುಚ್ಚಳದ ಮೇಲಿನ ಹೆಸರು ಕಂಪನಿಯ ವ್ಯಾಪಾರ ಮುದ್ರೆ. ಪುಸ್ತಿಕೆಯನ್ನು ಕನ್ನಡಕ್ಕೆ ಅನುವಾದಿಸುವ ಹಕ್ಕು ಕೂಡ ೧೯೫೭ರ ಕೃತಿಸ್ವಾಮ್ಯ ಅಧಿನಿಯಮದಂತೆ ಮೂಲದ ಒಡೆಯನದೇ. ಅದೇ ನಿಯಮಗಳನ್ನು ನಾವು ಮನನ ಮಾಡಿಕೊಂಡು ನಮ್ಮದೇ ಮಾತಿನಲ್ಲಿ ಬರೆದರೆ ಅಡ್ಡಿಯಿಲ್ಲ. ಪುಸ್ತಿಕೆಯನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಕನ್ನಡಿಸಿದರೆ ಅಡ್ಡಿಯುಂಟು.

ಅರ್ಧ ಕಾನೂನು ಓದಿದವರ ಗತಿ ಏನಾಗುತ್ತದೆಂಬುದಕ್ಕೂ ಒಂದು ನಿದರ್ಶನವಿದೆ. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ‘ಟೆಟ್ರಿಸ್’ ಮಣೆಯಾಟವಲ್ಲ, ಕಂಪ್ಯೂಟರಿನಲ್ಲೇ ಹುಟ್ಟಿದ್ದು. ಆದರೂ ತತ್ತ್ವ ಒಂದೇ. ನಿಯಮಕ್ಕೆ ಒಡೆಯನಿಲ್ಲವೆಂದು ನಂಬಿ ಅಮೆರಿಕದ ಒಂದು ಕಂಪನಿಯು ಅದನ್ನು ಹೋಲುವ ಆಟ ಮಾಡಿತು. ೨೦೧೨ರಲ್ಲಿ ನ್ಯೂ ಜೆರ್ಸಿಯ ಫೆಡರಲ್ ನ್ಯಾಯಾಲಯವು, ನಿಯಮವೇನೋ ಎಲ್ಲರದು, ಆದರೆ ನೀವು ಇಟ್ಟಿಗೆಯ ಆಕಾರ, ಬಣ್ಣದ ಬಗೆ, ಅಂಕಣದ ಅಳತೆ ಎಲ್ಲವನ್ನೂ ಹಾಗೆಹಾಗೆಯೇ ಎತ್ತಿಕೊಂಡಿದ್ದೀರಿ ಎಂದು ಆ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು.

ನಮ್ಮ ದೇಶದಲ್ಲೇ ನಡೆದ ಪ್ರಕರಣವೊಂದು ಇದಕ್ಕಿಂತಲೂ ಬೋಧಪ್ರದವಾದುದು. ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ‘ಸ್ಕ್ರ್ಯಾಬಲ್’ ಆಟವನ್ನು ನಮ್ಮಲ್ಲಿ ಕೆಲವರಾದರೂ ಆಡಿರಬಹುದು. ಅದನ್ನು ೧೯೩೦ರ ದಶಕದಲ್ಲಿ, ಅಮೆರಿಕದ ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸ ಕಳೆದುಕೊಂಡಿದ್ದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಕಲ್ಪಿಸಿದ. ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ವೃತ್ತಪತ್ರಿಕೆಗಳ ಪುಟಗಳನ್ನು ಎಣಿಸಿ ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನೂ ಬೆಲೆಯನ್ನೂ ಗೊತ್ತುಮಾಡಿದ. ಆಟದ ಹಕ್ಕು ಕೈಯಿಂದ ಕೈಗೆ ದಾಟಿ, ಕಡೆಗೆ ಅಮೆರಿಕ ಮತ್ತು ಕೆನಡಗಳಲ್ಲಿ ಹ್ಯಾಸ್‌ಬ್ರೋ ಕಂಪನಿಗೂ ಉಳಿದ ಪ್ರಪಂಚದಲ್ಲಿ ಮ್ಯಾಟೆಲ್ ಕಂಪನಿಗೂ ಸೇರಿತು. ಒಂದೇ ಆಟಕ್ಕೆ ಇಬ್ಬರು ಒಡೆಯರು!

ಕಲ್ಕತ್ತೆಯ ರಜತ್ ಮತ್ತು ಜಯಂತ್ ಅಗರ್‌ವಾಲಾ ಎಂಬ ಅಣ್ಣತಮ್ಮಂದಿರು ಈ ಆಟವನ್ನೇ ಹೋಲುವ ‘ಸ್ಕ್ರ್ಯಾಬುಲಸ್’ ಎಂಬುದನ್ನು ಅಂತರ್ಜಾಲದಲ್ಲಿ ನಡೆಸಿ, ೨೦೦೭ರಲ್ಲಿ ಫೇಸ್‌ಬುಕ್ಕಿಗೂ ತಂದರು. ಲಕ್ಷಗಟ್ಟಲೆ ಜನ ಅದನ್ನು ದಿನವೂ ಆಡಿದರು. ದೂರದೂರದ ಊರುಗಳಲ್ಲಿದ್ದ ಸ್ನೇಹಿತರು ಬಿಡುವಾದಾಗ ಒಂದೊಂದು ನಡೆ ನಡೆಸುತ್ತ ಆಡಬಹುದಾದ ಸೊಗಸು ಅದರಲ್ಲಿತ್ತು. ಪೆಟ್ಟಿಗೆಯ ಒಡೆಯರು ಆ ವೇಳೆಗೆ ಫೇಸ್‌ಬುಕ್ಕಿನಲ್ಲಿ ಅಂಥದೊಂದನ್ನು ಮಾಡಿರಲಿಲ್ಲ. ಆದರೆ ಒಡೆಯರ ಲೈಸೆನ್ಸ್ ಇವರ ಬಳಿ ಇರಲಿಲ್ಲ. ೨೦೦೮ರ ಜುಲೈ ತಿಂಗಳಲ್ಲಿ ಹ್ಯಾಸ್‌ಬ್ರೋ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು; ಅದೇ ತಿಂಗಳು ಅಮೆರಿಕ ಮತ್ತು ಕೆನಡಗಳ ಜನರಿಗೆ ಆಟ ಮುಚ್ಚಿಹೋಯಿತು. ಮ್ಯಾಟೆಲ್ ದೆಹಲಿಯ ಉಚ್ಚ ನ್ಯಾಯಾಲಯದ ಕಟ್ಟೆ ಹತ್ತಿತು.

೨೦೦೮ರ ಸೆಪ್ಟೆಂಬರಿನಲ್ಲಿ ದೆಹಲಿಯ ನ್ಯಾಯಾಲಯವು ಕೊಟ್ಟ ಮಧ್ಯಂತರ ಆದೇಶವನ್ನು ನಮ್ಮ ಪ್ರೋಗ್ರಾಂ ಮಿತ್ರರು ಓದತಕ್ಕದ್ದು. ಮಣೆಯ ಮನೆಗಳ ಜೋಡಣೆಯೂ ನಿಯಮವೂ ಬೇರ್ಪಡಿಸಲಾರದಷ್ಟು ಬೆರೆತುಹೋಗಿರುವಲ್ಲಿ ಕೃತಿಸ್ವಾಮ್ಯ ಸಲ್ಲದೆಂದೂ, ವಿನ್ಯಾಸವಾಗಿ ನೋಂದಾಯಿಸಬಹುದಾದುದನ್ನು ನೋಂದಾಯಿಸದೆ ಕಾರ್ಖಾನೆಯಲ್ಲಿ ೫೦ಕ್ಕಿಂತ ಹೆಚ್ಚು ಪ್ರತಿ ಮಾಡಿದಮೇಲೆ ಆ ಹಕ್ಕು ಕಳೆದುಹೋಗುವುದೆಂದೂ ಕಂಡು, ಕೃತಿಸ್ವಾಮ್ಯದ ತಡೆಯಾಜ್ಞೆಯನ್ನು ನಿರಾಕರಿಸಿತು. ಆದರೆ ‘ಸ್ಕ್ರ್ಯಾಬುಲಸ್’ ಎಂಬ ಹೆಸರು ‘ಸ್ಕ್ರ್ಯಾಬಲ್’ ಎಂಬ ಮುದ್ರೆಯನ್ನು ಹೋಲುವುದರಿಂದ ಆ ಹೆಸರನ್ನು ಬಳಸಕೂಡದೆಂದು ತಡೆಯಿತು. ಅಣ್ಣತಮ್ಮಂದಿರು ಆಟಕ್ಕೆ ‘ಲೆಕ್ಸುಲಸ್’ ಎಂದು ಹೆಸರಿಟ್ಟು, ಬಿಲ್ಲೆಗಳ ಬೆಲೆಯನ್ನು ಬದಲಿಸಿ ಮುಂದುವರಿಸಿದರು. ವರ್ಷದ ಕೊನೆಗೆ ಹ್ಯಾಸ್‌ಬ್ರೋ ದಾವೆಯನ್ನು ಹಿಂದೆಗೆದುಕೊಂಡಿತು.

ಗೆದ್ದವರು ಯಾರು? ನಿಯಮದ ವಿಷಯದಲ್ಲಿ ಅಣ್ಣತಮ್ಮಂದಿರು ಉಳಿದುಕೊಂಡರು. ಹೆಸರಿನ ವಿಷಯದಲ್ಲಿ ಸೋತರು. ಆದರೆ ಜನ ಅವರನ್ನು ಗುರುತಿಸಿದ್ದೇ ಆ ಹೆಸರಿನಿಂದ. ಎರಡು ಖಂಡಗಳಲ್ಲಿ ವಕೀಲರನ್ನು ಹಿಡಿಯುವ ಶಕ್ತಿ ಅವರಿಗಿತ್ತು. ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುವ ನಮಗೆ ಆ ಶಕ್ತಿ ಎಲ್ಲಿದೆ? ನಾವು ಆಟವನ್ನು ಮೊಬೈಲಿನ ಅಂಗಡಿಯಲ್ಲಿ ಇಟ್ಟರೆ, ಒಡೆಯನು ಒಂದು ದೂರು ಬರೆದರೆ ಸಾಕು, ಅಂಗಡಿಯವರು ಅದನ್ನು ತೆಗೆದುಹಾಕಬಹುದು. ಆರು ತಿಂಗಳ ನಿದ್ದೆಗೆಟ್ಟ ಕೆಲಸ ಒಂದು ಬೆಳಗ್ಗೆ ಇಲ್ಲವಾಗುತ್ತದೆ. ನ್ಯಾಯ ನಮ್ಮ ಕಡೆಗೇ ಇದ್ದರೂ ಅದನ್ನು ಹೋಗಿ ಹೇಳಿಕೊಳ್ಳಲು ಬಸ್ ಚಾರ್ಜಿಗೂ ಗತಿಯಿರುವುದಿಲ್ಲ.

‘ಹಣ ಕೇಳುವುದಿಲ್ಲವಲ್ಲ’ ಎಂಬ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ನಮ್ಮ ಕೋಣೆಯಲ್ಲಿ ನಮ್ಮ ಕಲಿಕೆಗಾಗಿ ಮಾಡಿ ನೋಡುವುದನ್ನು ಯಾರೂ ಪ್ರಶ್ನಿಸಲಾರರು. ಖಾಸಗಿ ಅಭ್ಯಾಸಕ್ಕೆ ಕಾನೂನೂ ಎಡೆಯಿಟ್ಟಿದೆ. ಊರಿಗೆಲ್ಲ ಹಂಚಿದಾಗ ಮಾತು ಬೇರೆ. ನೆರೆಯವನ ಮಾವಿನ ಮರದ ಹಣ್ಣನ್ನು ಕಿತ್ತು ಬೀದಿಯ ಮಕ್ಕಳಿಗೆಲ್ಲ ಧರ್ಮಕ್ಕೆ ಕೊಟ್ಟೆನೆಂದರೆ ಅವನ ಮರ ತುಂಬುವುದೆ? ನಾವು ಪುಕ್ಕಟೆ ಕೊಡುವುದರಿಂದ, ನಾಳೆ ಅದನ್ನೇ ಮಾಡಿ ಜೀವಿಸಬೇಕೆಂದಿರುವವನ ಹಾದಿ ಮುಚ್ಚಲೂಬಹುದು.

ಆಟ ಕಟ್ಟುವವರ ಕಷ್ಟವೂ ನಮಗೆ ತಿಳಿದಿರಬೇಕು. ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಮಹಿಳೆ ಭೂಮಿಯ ಗೇಣಿಯಿಂದ ಕೆಲವರೇ ಧನಿಕರಾಗುವ ಅನ್ಯಾಯವನ್ನು ತೋರಿಸಲೆಂದು ‘ಭೂಮಾಲೀಕರ ಆಟ’ವನ್ನು ಕಲ್ಪಿಸಿ ೧೯೦೪ರಲ್ಲಿ ಪೇಟೆಂಟ್ ಪಡೆದಳು. ಅದು ಜನರ ಕೈಯಲ್ಲಿ ಮಾರ್ಪಾಡಾಗುತ್ತ ಬಂದು, ೧೯೩೫ರಲ್ಲಿ ಚಾರ್ಲ್ಸ್ ಡ್ಯಾರೋ ಎಂಬವನ ಹೆಸರಿನಲ್ಲಿ ‘ಮೊನಾಪಲಿ’ಯಾಗಿ ಪಾರ್ಕರ್ ಬ್ರದರ್ಸ್ ಕಂಪನಿಯಿಂದ ಹೊರಬಂತು. ಡ್ಯಾರೋ ಸಿರಿವಂತನಾದ. ಮ್ಯಾಗಿಗೆ ಕಂಪನಿಯಿಂದ ಸಿಕ್ಕಿದ್ದು ೫೦೦ ಡಾಲರು, ಮಾರಾಟದಲ್ಲಿ ಪಾಲಿಲ್ಲ. ೧೯೮೮ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಸಂತೆಯಲ್ಲಿ ಕೂಡಿದ ಕೆಲವು ಆಟಗಾರಿಕೆಯ ಕರ್ತರು, ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಹಾಕದ ಪ್ರಕಾಶಕರಿಗೆ ಆಟವನ್ನೇ ಕೊಡುವುದಿಲ್ಲವೆಂದು ಬಿಯರ್ ಲೋಟದ ಕೆಳಗಿಡುವ ರಟ್ಟಿನ ತುಂಡಿನ ಮೇಲೆ ಬರೆದು ರುಜು ಹಾಕಿದರು. ಕವಿಗೆ, ಕಾದಂಬರಿಕಾರನಿಗೆ ಸಹಜವಾಗಿ ದೊರೆಯುವ ಹೆಸರಿನ ಮನ್ನಣೆಗಾಗಿ ಅವರು ಹೀಗೆ ಹೋರಾಡಬೇಕಾಯಿತು. ಅಂಥವರ ಆಟವನ್ನು ಹೇಳದೆ ಕೇಳದೆ ಪರದೆಗೆ ತರುವವನು, ಆ ಹೆಸರನ್ನು ಮತ್ತೊಮ್ಮೆ ಅಳಿಸುತ್ತಾನೆ.

ಇಷ್ಟು ಹೇಳಿದರೆ ನಾನು ಕಂಪನಿಗಳ ವಕಾಲತ್ತು ವಹಿಸಿದ್ದೇನೆಂದು ಯಾರಾದರೂ ಅಂದುಕೊಂಡಾರು. ಹಾಗಲ್ಲ. ನಿಯಮಗಳು ಎಲ್ಲರವಾಗಿರುವುದೇ ಸರಿ. ಹಾಗಿಲ್ಲದಿದ್ದರೆ ನಮ್ಮ ಚತುರಂಗ ಪಾರಸಿಕದ ಮೂಲಕ ಯುರೋಪಿಗೆ ಹೋಗಿ ಚೆಸ್ಸಾಗುತ್ತಿರಲಿಲ್ಲ. ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ ಲೂಡೋ ಆಗಿ ಮತ್ತೆ ನಮ್ಮ ಮನೆಗೇ ಬರುತ್ತಿರಲಿಲ್ಲ. ಅಕ್ಬರನ ಫತೇಪುರ್ ಸಿಕ್ರಿಯ ಅಂಗಳದಲ್ಲಿ ಇಂದಿಗೂ ಮನೆಗಳ ಗುರುತು ಕಾಣುವ ಆ ಆಟದ ಹೆಸರನ್ನು, ‘ಪಾರ್ಚೀಸಿ’ ಎಂದು ತಿರುಚಿ, ಅಮೆರಿಕದ ಸೆಲ್ಚೋ ಅಂಡ್ ರೈಟರ್ ಎಂಬ ಕಂಪನಿಯು ೧೮೭೪ರಲ್ಲಿ ತನ್ನ ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿಕೊಂಡಿತು. ನಮ್ಮನ್ನು ಕೇಳಿದರೆ? ಕೇಳುವುದಕ್ಕೆ ಒಬ್ಬ ಒಡೆಯನಿರಲಿಲ್ಲ. ಎಲ್ಲರದ್ದನ್ನು ಎತ್ತಿಕೊಂಡು ಬೇಲಿ ಹಾಕುವುದು ತಪ್ಪೆನ್ನುವ ನಾವು, ಒಬ್ಬರದ್ದನ್ನು ಎತ್ತಿಕೊಂಡು ಬೇಲಿ ಮುರಿಯುವುದು ಸರಿಯೆಂದರೆ ನಮ್ಮ ಮಾತಿಗೆ ಬೆಲೆಯೇನು?

ಇನ್ನು ಮೂರನೆಯ ಮಾತು: ಕೇಳಿದರೆ ಕೊಡುವುದಿಲ್ಲವೆಂಬುದು. ನಮ್ಮ ತರಗತಿಯ ಇಬ್ಬರು ಮಿತ್ರರು ಪರದೇಶದ ವ್ಯಾಪಾರದ ಆಟವೊಂದನ್ನು ಕನ್ನಡದಲ್ಲಿ ಮೊಬೈಲಿಗೆ ತರಬೇಕೆಂದು ಹೊರಟಾಗ, ಐಚ್ಛಿಕ ಇಂಗ್ಲಿಷಿನವನೆಂಬ ಕಾರಣದಿಂದ ಪತ್ರ ಬರೆಯುವ ಭಾರ ನನ್ನ ಮೇಲೆ ಬಿತ್ತು. ಆರು ವಾರ ಕಳೆದ ಮೇಲೆ ವಿನಯದ ಉತ್ತರ ಬಂತು. ಡಿಜಿಟಲ್ ಹಕ್ಕನ್ನು ಆಗಲೇ ಮತ್ತೊಂದು ಸಂಸ್ಥೆಗೆ ಕೊಟ್ಟಿದ್ದೇವೆ, ಕ್ಷಮಿಸಿ ಎಂಬುದು ಅದರ ಸಾರ. ಮಿತ್ರರಿಗೆ ಬೇಸರವಾದದ್ದು ನಿಜ. ಒಬ್ಬ ‘ಕೇಳದಿದ್ದರೆ ಚೆನ್ನಾಗಿತ್ತು’ ಎಂದೂ ಅಂದ. ನನಗೆ ಹಾಗನ್ನಿಸಲಿಲ್ಲ. ಒಂದು ಸಾಲು ಪ್ರೋಗ್ರಾಂ ಬರೆಯುವ ಮುಂಚೆ ‘ಇಲ್ಲ’ವೆಂದು ತಿಳಿದರೆ ಹೋಗುವುದು ಒಂದು ಪತ್ರದ ಶ್ರಮ; ಎಲ್ಲ ಮುಗಿದಮೇಲೆ ತಿಳಿದರೆ ಹೋಗುವುದು ಒಂದು ವರ್ಷ. ಅವರು ಈಗ ಮೂರು ಹುಲಿ ಹದಿನೈದು ಕುರಿಯ ನಮ್ಮ ಹಳ್ಳಿಯ ಆಟವನ್ನು ತಮ್ಮದೇ ಚಿತ್ರಗಳೊಂದಿಗೆ ಕಟ್ಟುತ್ತಿದ್ದಾರೆ.

ಕೇಳಿದರೆ ದೊರೆಯುವುದೂ ಉಂಟು. ಫ್ರಾನ್ಸಿನಲ್ಲಿ ೨೦೧೦ರಲ್ಲಿ ಆರಂಭವಾದ ‘ಬೋರ್ಡ್ ಗೇಮ್ ಅರೀನಾ’ ಎಂಬ ತಾಣದಲ್ಲಿ ನೂರಾರು ಆಟಗಳು ಪ್ರಕಾಶಕರ ಅನುಮತಿಯಿಂದಲೇ ನಡೆಯುತ್ತವೆ. ಅವುಗಳಲ್ಲಿ ಬಹಳಷ್ಟನ್ನು ಪರದೆಗೆ ತಂದವರು ನಮ್ಮಂಥ ಹವ್ಯಾಸಿಗಳು. ಲೈಸೆನ್ಸ್ ದೊರೆತಿರುವ ಆಟಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಂಡು ಯಾರು ಬೇಕಾದರೂ ಕೈ ಪಳಗಿಸಿಕೊಳ್ಳಬಹುದು. ಅಪ್ಪಣೆಯಿರುವ ಆಟ ಇಷ್ಟಿರುವಾಗ ಅಪ್ಪಣೆಯಿಲ್ಲದ ಆಟವೇ ಬೇಕೆಂದು ಹಟ ಹಿಡಿಯುವುದೇಕೆ?

ಕೇಳುವ ಕ್ರಮವನ್ನು ಕುರಿತು, ಪತ್ರ ಬರೆಯುವಾಗ ಓದಿ ತಿಳಿದ ನಾಲ್ಕು ಮಾತು ಹೇಳುತ್ತೇನೆ. ಮೊದಲು, ಹಕ್ಕು ಯಾರದೆಂದು ಹುಡುಕಬೇಕು. ಪೆಟ್ಟಿಗೆಯ ಮೇಲೆ ಪ್ರಕಾಶಕನ ಹೆಸರಿದ್ದರೂ ಡಿಜಿಟಲ್ ಹಕ್ಕು ಆಟ ಕಟ್ಟಿದವನಲ್ಲೇ ಉಳಿದಿರಬಹುದು. ಚಿತ್ರಗಳ ಹಕ್ಕು ಚಿತ್ರಕಾರನಲ್ಲಿರಬಹುದು. ಸ್ಕ್ರ್ಯಾಬಲ್ಲಿನಂತೆ ದೇಶಕ್ಕೊಬ್ಬ ಒಡೆಯನೂ ಇರಬಹುದು. ಎರಡನೆಯದಾಗಿ, ಯಾವ ಆಟ, ಯಾವ ಯಂತ್ರಕ್ಕೆ, ಯಾವ ಭಾಷೆಯಲ್ಲಿ, ಹಣಕ್ಕೋ ಪುಕ್ಕಟೆಯೋ, ಹೆಸರು ಮತ್ತು ಚಿತ್ರ ಬೇಕೋ ಬೇಡವೋ ಎಂಬುದನ್ನು ಒಂದು ಪುಟಕ್ಕೆ ಮೀರದಂತೆ ಬರೆಯಬೇಕು. ಮೂರನೆಯದಾಗಿ, ಒಪ್ಪಿಗೆ ಲಿಖಿತವಾಗಿರಬೇಕು. ನಮ್ಮ ಅಧಿನಿಯಮದ ೩೦ನೆಯ ಕಲಮು ಹೇಳುವುದೂ ಅದನ್ನೇ. ಅವಧಿಯನ್ನು ಬರೆಯದಿದ್ದರೆ ೫ ವರ್ಷವೆಂದೂ ಪ್ರದೇಶವನ್ನು ಬರೆಯದಿದ್ದರೆ ಭಾರತವೊಂದೇ ಎಂದೂ ನಮ್ಮ ಕಾನೂನು ಭಾವಿಸುತ್ತದೆ. ಅಂತರ್ಜಾಲಕ್ಕೆ ಗಡಿಯಿಲ್ಲದ ಕಾರಣ ಇವೆರಡನ್ನೂ ಮರೆಯದೆ ಬರೆಸಿಕೊಳ್ಳಬೇಕು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮೌನಂ ಸಮ್ಮತಿಲಕ್ಷಣಂ ಎಂಬ ಗಾದೆ ಮದುವೆಯ ಮಾತುಕತೆಗೆ ಒಪ್ಪೀತು, ಇಲ್ಲಿಗೆ ಒಪ್ಪದು. ಉತ್ತರ ಬಾರದಿದ್ದರೆ ಅದು ಒಪ್ಪಿಗೆಯಲ್ಲ.

ಹಾಗೆಂದು ಒಡೆಯರಿಗೂ ಒಂದು ಮಾತು ಸಲ್ಲುತ್ತದೆ. ಕೇಳುವವನ ಕರ್ತವ್ಯವಿದ್ದಂತೆ ಕೇಳಿಸಿಕೊಳ್ಳುವವನ ಕರ್ತವ್ಯವೂ ಇದೆ. ಯಾವ ವಿಳಾಸಕ್ಕೆ ಬರೆಯಬೇಕೆಂದು ತಿಳಿಸದೆ, ಬರೆದ ಪತ್ರಕ್ಕೆ ಉತ್ತರಿಸದೆ, ಆಟ ಜನಪ್ರಿಯವಾದಮೇಲೆ ಮಾತ್ರ ವಕೀಲರನ್ನು ಕಳುಹಿಸುವ ಪದ್ಧತಿ ದೊಡ್ಡತನವಲ್ಲ. ವಿದ್ಯಾರ್ಥಿಗಳು ಪುಕ್ಕಟೆಯಾಗಿ ಕನ್ನಡದಂಥ ಭಾಷೆಯಲ್ಲಿ ಮಾಡುವ ಕೆಲಸಕ್ಕೆ, ಇಂತಿಷ್ಟು ಷರತ್ತಿನ ಮೇಲೆ ಒಪ್ಪಿಗೆಯಿದೆ ಎಂದು ಮೊದಲೇ ಪ್ರಕಟಿಸಿಬಿಟ್ಟರೆ ಅವರಿಗೆ ನಷ್ಟವೇನು? ಬಾಗಿಲು ತಟ್ಟುವವನನ್ನು ಬೈದು ಗೋಡೆ ಹಾರುವವನನ್ನು ಬೆಳೆಸಿದಂತಾಗಬಾರದು.

ಕೊನೆಯದಾಗಿ ನನ್ನ ಸಹಪಾಠಿಗಳಿಗೆ ಒಂದು ವಿಜ್ಞಾಪನೆ. ಯಾರ ಅಪ್ಪಣೆಯೂ ಬೇಡದ ಸಂಪತ್ತು ನಮ್ಮ ಮನೆಯಲ್ಲೇ ರಾಶಿಬಿದ್ದಿದೆ. ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಇವಕ್ಕೆ ಒಡೆಯರಿಲ್ಲ. ೧೮೬೮ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಗಂಜೀಫದ ಹಲವು ಬಗೆಗಳ ವಿವರಣೆಯಿದೆ. ಅವುಗಳನ್ನು ಪರದೆಗೆ ತರುವಾಗ ಒಂದು ಎಚ್ಚರ ಸಾಕು. ಆಟ ಹಳೆಯದಾದರೂ, ನಿನ್ನೆ ಮೊನ್ನೆ ಒಬ್ಬ ಚಿತ್ರಕಾರ ಬರೆದ ಗಂಜೀಫದ ಎಲೆಯಾಗಲಿ, ಒಬ್ಬ ವಿದ್ವಾಂಸ ಬರೆದ ವಿವರಣೆಯಾಗಲಿ ಹಳೆಯದಲ್ಲ. ಕರ್ತನ ಜೀವಿತಕಾಲ ಮತ್ತು ಅನಂತರದ ೬೦ ವರ್ಷ ಅದು ಅವನದು, ಅವನ ವಾರಸುದಾರರದು. ಅದನ್ನು ಕೇಳಿ ಪಡೆಯಿರಿ, ಇಲ್ಲವೆ ಹೊಸದಾಗಿ ಬರೆಯಿರಿ.

ಪದ ಕಟ್ಟುವ ಆಟವೇ ಬೇಕೆನ್ನುವವರು ಬಟ್ಸನ ಬಿಲ್ಲೆಗಳನ್ನು ಬಿಟ್ಟು ಅವನ ಶ್ರಮವನ್ನು ಅನುಸರಿಸಲಿ. ಕನ್ನಡದ ಒಂದು ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ? ಕಾಗುಣಿತವನ್ನು ಒಂದು ಬಿಲ್ಲೆಯೆಂದು ಎಣಿಸಬೇಕೆ, ಎರಡೆಂದೆ? ಒತ್ತಕ್ಷರಕ್ಕೆ ಎಷ್ಟು ಬೆಲೆ? ಈ ಪ್ರಶ್ನೆಗಳಿಗೆ ಇಂಗ್ಲಿಷಿನ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಕನ್ನಡ ವಿಭಾಗದ ಅಧ್ಯಾಪಕರೂ ಪ್ರೋಗ್ರಾಂ ಬಲ್ಲ ವಿದ್ಯಾರ್ಥಿಗಳೂ ಕೂಡಿ ಕುಳಿತು ಎಣಿಸಿ ನೋಡಿದರೆ, ನಮ್ಮದೆಂದು ಹೇಳಿಕೊಳ್ಳಬಹುದಾದ ಒಂದು ಆಟ ಈ ಕಾಲೇಜಿನಿಂದಲೇ ಹೊರಡಬಹುದು. ಆಗ ಬೇರೆ ಊರಿನ ಯಾವನೋ ವಿದ್ಯಾರ್ಥಿ ಅದನ್ನು ತನ್ನ ಯಂತ್ರಕ್ಕೆ ಇಳಿಸಬೇಕೆಂದು ನಮಗೊಂದು ಪತ್ರ ಬರೆದಾನು. ಅವನಿಗೆ ನಾವು ಬೇಗನೆ, ಸೌಜನ್ಯದಿಂದ ಉತ್ತರ ಬರೆಯುವಂತಾಗಲಿ.